ಮೊದಲ ಆರು ತಿಂಗಳಿಗೆ ಹಾಸು, ಕನ್ನಡಿ, ತೂಗಾಟಿಕೆ

ಕೂಸಿಗೆ ಯಾವ ಮಾಂಟೆಸ್ಸರಿ ಸಾಮಾನು ಕೊಳ್ಳಬೇಕು ಎಂದು ಕೇಳುವವರಿಗೆ ನಾವು ಮೊದಲು ಹೇಳುವುದು, ನೆಲ ಖಾಲಿ ಮಾಡಿ ಎಂದು. ಎಳೆಮಕ್ಕಳ ಕೋಣೆಯಲ್ಲಿ ಬಳಸಿ ಬಳಸಿ ಕೊನೆಗೆ ನಾವು ಉಳಿಸಿಕೊಂಡದ್ದು ಇಷ್ಟೇ: ಒಂದು ಗಟ್ಟಿ ಹಾಸು, ಗೋಡೆಗೆ ಅಡ್ಡಲಾಗಿ ಒಂದು ಕನ್ನಡಿ, ಮೇಲೊಂದು ಕೊಕ್ಕೆ, ಆ ಕೊಕ್ಕೆಗೆ ಒಂದು ಸಲಕ್ಕೆ ಒಂದೇ ಆಟಿಕೆ.

ಹಾಸು ಹತ್ತಿಯದು, ಸುಮಾರು 4 ಸೆಂ.ಮೀ. ದಪ್ಪ. ಮೊಣಕೈ ಊರಿದಾಗ ಕುಳಿ ಬಿದ್ದರೆ ಅದು ಮೆತ್ತಗಾಯಿತೆಂದೇ ಲೆಕ್ಕ. ಅಂಥದ್ದರ ಮೇಲೆ ಮಗುಚಲು ಹೊರಟ ಕೂಸಿನ ಕೈ ಮೈಯಡಿ ಹೂತು, ಅರ್ಧಕ್ಕೇ ಸಿಕ್ಕಿಕೊಂಡು ಅಳು ಶುರುವಾಗುತ್ತದೆ. ಗ್ರಾನೈಟ್ ನೆಲವಾದರೆ ಅಡಿಗೆ ಜಮಖಾನ ಹಾಸಿ, ಇಲ್ಲದಿದ್ದರೆ ಹಾಸು ಜಾರುತ್ತದೆ. ದಿಂಬು ಬೇಡ. ತಲೆ ದುಂಡಗಾಗಲೆಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬು ಕೂಡ ಬೇಡ. ತಲೆಯನ್ನು ಆಚೀಚೆ ಹೊರಳಿಸಬೇಕಾದ ಕಾಲದಲ್ಲಿ ಅವು ಅದನ್ನು ಹಿಡಿದಿಡುತ್ತವೆ, ನಿದ್ದೆಯಲ್ಲಿ ಉಸಿರಿಗೂ ಅಪಾಯ. ಮಲಗಿಸುವುದು ಯಾವಾಗಲೂ ಅಂಗಾತ. ಬೋರಲು ಹಾಕುವುದು ಎಚ್ಚರವಿದ್ದಾಗ, ನಾವು ಪಕ್ಕದಲ್ಲಿದ್ದಾಗ ಮಾತ್ರ. ಕನ್ನಡಿ ಒಡೆಯದ ಅಕ್ರಿಲಿಕ್‌ನದಾಗಿರಲಿ, ಅಂಟಿನ ಬದಲು ಸ್ಕ್ರೂ ಹಾಕಿ ಕೂರಿಸಿ.

ಇನ್ನು ತೂಗಾಟಿಕೆ. ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದ್ದು. ತೊಟ್ಟಿಲಿನ ಮೇಲೆ ಎರಡಡಿ ಎತ್ತರದಲ್ಲಿ ಕಟ್ಟಿದ ಗಿಳಿ ಗೊಂಚಲು ನೋಡಿ ಖುಷಿಪಡುವವರು ದೊಡ್ಡವರೇ. ನಾವು ಕಣ್ಣಿಂದ ಒಂದು ಅಡಿಯೊಳಗೆ, ಮುಖದ ನೇರಕ್ಕಲ್ಲದೆ ಎದೆಯ ನೇರಕ್ಕೆ ಇಳಿಬಿಡುತ್ತೇವೆ. ಮುಖದ ಮೇಲೇ ಇದ್ದರೆ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಸಿ ನೋಡಬೇಕಾಗುತ್ತದೆ. ಫ್ಯಾನ್ 1ಕ್ಕಿಂತ ಮೇಲೆ ಹೋದರೆ ಆಟಿಕೆ ಗಿರ್ರನೆ ತಿರುಗುತ್ತದೆ. ಆ ವೇಗಕ್ಕೆ ಎಳೆಗಣ್ಣು ಹಿಂಬಾಲಿಸಲಾರದು. ಫ್ಯಾನ್ ಆರಿಸಿ ಪಕ್ಕದಲ್ಲಿ ಯಾರಾದರೂ ನಡೆದಾಡಿದರೆ ಏಳುವ ಗಾಳಿಯೇ ಸಾಕು.

ಮೊದಲ ತಿಂಗಳು, ತಿಂಗಳೂವರೆ ಕಪ್ಪು ಬಿಳುಪಿನದು. ಇದು ಇಟಲಿಯ ಕಲಾವಿದ ಬ್ರೂನೊ ಮುನಾರಿಯ ಹೆಸರಿನದು. ಆಮೇಲೆ ಮಿಂಚುಕಾಗದದ ಎಂಟು ಮುಖದ ಮೂರು ಆಕೃತಿ, ಕೆಂಪು, ನೀಲಿ, ಹಳದಿ. ಎರಡು ತಿಂಗಳ ಸುಮಾರಿಗೆ ಗೊಬ್ಬಿ ಎಂಬ ತೂಗಾಟಿಕೆ: ಒಂದೇ ಬಣ್ಣದ ಐದು ಚೆಂಡು, ಗಾಢದಿಂದ ತಿಳಿಗೆ. ಮನೆಯಲ್ಲಿ ಒಂದೇ ಮಾಡುವುದಾದರೆ ಇದನ್ನೇ ಮಾಡಿ.

ಇದಕ್ಕೆ 4 ಸೆಂ.ಮೀ.ನ ಐದು ಥರ್ಮೋಕೋಲ್ ಚೆಂಡು, ಒಂದೊಂದಕ್ಕೆ ಎರಡು ಲಡಿ ಕಸೂತಿ ದಾರ, 30 ಸೆಂ.ಮೀ. ಮರದ ಕಡ್ಡಿ ಬೇಕು. ದಾರದ ಬಣ್ಣಗಳನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ಆರಿಸಬೇಡಿ, ಬಾಗಿಲಾಚೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಬೇರೆ ಬೇರೆ ಕಂಡ ಎರಡು ನೀಲಿ ಮನೆಗೆ ಬಂದ ಮೇಲೆ ಒಂದೇ ಆಗಿಬಿಡುತ್ತವೆ. ದಾರದ ತುದಿಯನ್ನು ಚೆಂಡಿಗೆ ಚುಕ್ಕಿ ಅಂಟಿನಿಂದ ಹಿಡಿಸಿ, ಮೇಲಿನ ತುದಿಯಿಂದ ಕೆಳತುದಿಗೆ ಸುತ್ತುತ್ತಾ ಪ್ರತಿ ಸುತ್ತಿಗೂ ಚೆಂಡನ್ನು ಕೂದಲೆಳೆಯಷ್ಟು ತಿರುಗಿಸಿ. ಬಿಗಿಯಾಗಿ ಎಳೆದರೆ ದಾರ ಥರ್ಮೋಕೋಲ್ ಕೊರೆದು ಒಳಗಿಳಿಯುತ್ತದೆ, ಸಡಿಲ ಬಿಟ್ಟರೆ ನಡುವಿನ ಉಬ್ಬಿನಿಂದ ಜಾರುತ್ತದೆ. ಕಡ್ಡಿಯ ಮೇಲೆ 6 ಸೆಂ.ಮೀ.ಗೊಂದು ಚೆಂಡು, ಗಾಢವಾದದ್ದು ಎಲ್ಲಕ್ಕಿಂತ ಕೆಳಗೆ, ತಿಳಿಯಾದದ್ದು ಮೇಲೆ, ಐದೂ ಒಂದು ಓರೆ ಗೆರೆಯಲ್ಲಿ. ಗಂಟುಗಳಿಗೆ ಅಂಟು ಹಾಕುವುದು ಕಡ್ಡಿ ಸಮತೂಕಕ್ಕೆ ನಿಂತ ಮೇಲೆಯೇ.

ಕೂಸಿಗೆ ಹೊಟ್ಟೆ ತುಂಬಿ, ಬಟ್ಟೆ ಒಣಗಿದ್ದು, ನಿದ್ದೆ ಇನ್ನೂ ದೂರವಿರುವ ಹೊತ್ತು ಇದಕ್ಕೆ ಸರಿ. ಎಣ್ಣೆಸ್ನಾನ ಆದ ಕೂಡಲೇ ಮಲಗಿಸಿದರೆ ಏನೂ ನಡೆಯದು, ಕಣ್ಣು ತಾನೇ ಮುಚ್ಚುತ್ತದೆ. ಐದು ನಿಮಿಷ ನೋಡಿ ಮುಖ ತಿರುಗಿಸಿತೋ, ಸಾಕೆಂದು ಅರ್ಥ, ಎತ್ತಿಕೊಳ್ಳಿ. ಅರ್ಧ ಗಂಟೆ ನೋಡುತ್ತಿದ್ದರೆ ಸುಮ್ಮನಿರಿ. ಹೆಚ್ಚು ಕೆಡುವುದು ಇಲ್ಲೇ: ಮನೆಗೆ ಬಂದವರು ನಡುವೆ ಬಗ್ಗಿ ಚಿಟಿಕೆ ಹೊಡೆದು "ಇಲ್ನೋಡು ಪುಟ್ಟಾ" ಅಂದುಬಿಡುತ್ತಾರೆ. ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಕೈ ಬೀಸಿ ಚೆಂಡಿಗೆ ಹೊಡೆಯಲು ಶುರುವಾದ ದಿನ ಕಣ್ಣಿನ ಆಟಿಕೆ ಇಳಿಸಿ. ಥರ್ಮೋಕೋಲ್ ಬಾಯಿಗೆ ಹೋಗಬಾರದು. ಆಮೇಲಿನದು ಕೈಗೆ. ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿಗೆ ರಿಬ್ಬನ್ನಿಗೆ ಕಟ್ಟಿದ ಗಂಟೆ, ಅದಾದ ಮೇಲೆ ಮರದ ಬಳೆ. ಬಳೆ 7 ಸೆಂ.ಮೀ. ಅಗಲವಿರಲಿ, ಕಂಬಿ 1 ಸೆಂ.ಮೀ.ಗಿಂತ ದಪ್ಪವಿದ್ದರೆ ಆ ಅಂಗೈಗೆ ಹಿಡಿಯಲಾಗದು. ರಿಬ್ಬನ್ನಿನ ಮೇಲ್ತುದಿಯಲ್ಲಿ 15 ಸೆಂ.ಮೀ. ಎಲಾಸ್ಟಿಕ್ ಸೇರಿಸಿ; ಹಿಡಿದದ್ದು ಬಾಯಿವರೆಗೂ ಬರಬೇಕು, ಬರದಿದ್ದರೆ ಕೂಸು ಎಳೆದೆಳೆದು ಸಿಟ್ಟಾಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಬಳೆ ಒಳ್ಳೆಯದೇ, ಆದರೆ ಒದ್ದೆ ಬಿಳಿ ಬಟ್ಟೆಯಿಂದ ಒಂದು ನಿಮಿಷ ಉಜ್ಜಿ ಬಣ್ಣ ಬಿಡದಿದ್ದರೆ ಮಾತ್ರ. ಕಾಲ್ಗೆಜ್ಜೆಯ ಪುಟ್ಟ ಗೆಜ್ಜೆ ಬೇಡವೇ ಬೇಡ. ಆಟಿಕೆಯ ಭಾಗ ಗಂಟಲಿಗೆ ಸಿಕ್ಕುವಷ್ಟು ಚಿಕ್ಕದೇ ಎಂದು ಹಾಕಿ ನೋಡುವ ಪರೀಕ್ಷೆಯ ಕೊಳವೆ ಸುಮಾರು 32 ಮಿ.ಮೀ. ಅಗಲ, ಅದರಲ್ಲಿ ಇಳಿಯುವುದು ಉಸಿರುಗಟ್ಟಿಸಬಲ್ಲದು. ನಾವು 4 ಸೆಂ.ಮೀ.ಗಿಂತ ಚಿಕ್ಕದನ್ನು ಇಡುವುದಿಲ್ಲ. ಗಂಟುಗಳನ್ನು ದಿನವೂ ಎಳೆದು ನೋಡಿ, ಮಗು ಒಂಟಿಯಾದಾಗ ದಾರವಿರುವ ಯಾವುದೂ ಮೇಲಿರಬಾರದು.

ನಾಲ್ಕು ತಿಂಗಳಿಗೇ ಸುತ್ತ ದಿಂಬಿಟ್ಟು ಕೂರಿಸುವವರಿದ್ದಾರೆ. ಹಾಗೆ ಕೂತ ಕೂಸು ತಾನಾಗಿ ಆ ಭಂಗಿಗೆ ಬಂದಿಲ್ಲ, ಅದರಿಂದ ಇಳಿಯಲೂ ಬಾರದು. ಆಟಿಕೆ ಉರುಳಿದರೆ ನೋಡುತ್ತಾ ಅಳಬೇಕಷ್ಟೆ. ನೆಲದಲ್ಲಿದ್ದರೆ ಅದೇ ಆಟಿಕೆಗಾಗಿ ಹೊರಳುತ್ತದೆ, ತೆವಳುತ್ತದೆ. ವಾಕರ್ ಕೂಡ ಇದೇ ಜಾತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು.

ತೆವಳುವ ವೇಳೆಗೆ ಉದ್ದ ಲಂಗ, ಕಾಲುಚೀಲ ಬಿಚ್ಚಿಡಿ. ಲಂಗ ಮೊಣಕಾಲಿನಡಿ ಸಿಕ್ಕಿ ಮುಗ್ಗರಿಸುತ್ತದೆ, ಕಾಲುಚೀಲವಿದ್ದರೆ ಹೆಬ್ಬೆರಳಿಗೆ ಹಿಡಿತ ಸಿಗದು. ಉಡಿದಾರ ಕಟ್ಟಿದ್ದರೆ ಅದರ ಗಂಟು, ತಾಯಿತ ಹೊಟ್ಟೆಗೆ ಒತ್ತದಂತೆ ಪಕ್ಕಕ್ಕೆ ಸರಿಸಿ. ಹಿಡಿದು ಏಳುವ ಸೂಚನೆ ಕಂಡೊಡನೆ ಮೇಲಿನ ಕೊಕ್ಕೆಯಿಂದ ಎಲ್ಲವನ್ನೂ ಇಳಿಸಿ, ಕನ್ನಡಿಯ ಮುಂದೆ 45 ಸೆಂ.ಮೀ. ಎತ್ತರಕ್ಕೆ ಒಂದು ಮರದ ಸರಳು ಕೂರಿಸಿ.