ಮಳೆಗಾಲದ ಕಟ್ಟಿದ ಮೂಗಿಗೆ ಉಪ್ಪುನೀರು

ಶಿರಸಿ, ಕಾರವಾರದ ಕಡೆ ಜಡಿಮಳೆ ಹಿಡಿದರೆ ಗೋಡೆ, ಕಂಬಳಿಗೆಲ್ಲ ಬೂಷ್ಟು. ಅಲರ್ಜಿ ಇದ್ದವರ ಮೂಗು ಬಿಡುವುದೇ ಇಲ್ಲ. ಉಪ್ಪುನೀರು ಹಾಯಿಸಿ ಮೂಗು ತೊಳೆಯುವ ಜಲನೇತಿ ಒಳ್ಳೆಯದು. ಆದರೆ ಬಾವಿ ನೀರನ್ನು ಹಾಗೆಯೇ ಬಳಸಲೇಬೇಡಿ: ತೀರಾ ಅಪರೂಪವಾದರೂ, ಮೂಗಿನಿಂದ ಮಿದುಳಿಗೇರುವ ಅಮೀಬಾ ಜೀವ ತೆಗೆಯುತ್ತದೆ. ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿ. 240 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಪುಡಿಉಪ್ಪು 2 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ; ಚಿಟಿಕೆ ಅಡುಗೆ ಸೋಡಾ. ಉಪ್ಪು ಹೆಚ್ಚಾದರೂ ಉರಿ, ಕಮ್ಮಿಯಾದರೂ ಉರಿ.

ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಹೊಯ್ಯಿರಿ. ಆಮೇಲೆ ಮೆಲ್ಲಗೆ ಸಿಂಬಳ ತೆಗೆಯಿರಿ. ಜೋರು ಮಾಡಿದರೆ ಕಿವಿ ಕಟ್ಟುತ್ತದೆ.

ಕಟ್ಟಿದ ಮೂಗು ಬಿಡಿಸುವ ಕ್ಸೈಲೋಮೆಟಾಜೋಲಿನ್ ಹನಿ ಐದು ದಿನ ದಾಟಿಸಬೇಡಿ, ಮೂಗು ಇನ್ನಷ್ಟು ಕಟ್ಟುತ್ತದೆ. ಹತ್ತು ದಿನಕ್ಕೂ ಮೂಗು ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.