ಮಾವನ ತಂಬೂರಿ, ನನ್ನ ಗಿಟಾರ್: ಮನೆಯಲ್ಲೇ ಆಲ್ಬಂ ಮಾಡುವ ಬಗೆ

ನಮ್ಮ ಸೋದರಮಾವ ಮಳವಳ್ಳಿ ಕಡೆಯವರು, ಮಂಟೇಸ್ವಾಮಿ ಪದ ಹಾಡುತ್ತಾರೆ. ನಾನು ಗಿಟಾರ್. ಮಂಡ್ಯದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇಬ್ಬರೂ ಸೇರಿ ಏಳು ಹಾಡಿನ ಜಾನಪದ ರಾಕ್ ಆಲ್ಬಂ ಮಾಡಿದೆವು. ನೀವೂ ಇಂಥ ಜೋಡಿಯಾಗಿದ್ದರೆ ಇದನ್ನು ಮೊದಲು ತಿಳಿದುಕೊಳ್ಳಿ: ಪದ ಮುಂದೆ ಹೋಗಲಿ, ಗಿಟಾರ್ ಅದರ ಹಿಂದೆ ಬರಲಿ.

ಶ್ರುತಿಯಿಂದ ಶುರುಮಾಡಿ. ಮಾವ ತಂಬೂರಿಯನ್ನು ಆವತ್ತಿನ ಗಂಟಲಿಗೆ ಕೂಡಿಸುತ್ತಾರೆ. ಅದನ್ನು ಬದಲಾಯಿಸಿ ಅನ್ನಬೇಡಿ. ಟ್ಯೂನರ್ ಆ್ಯಪಿನಲ್ಲಿ 440 ಹರ್ಟ್ಸ್ ಇರುವ ಮೂಲ ಶ್ರುತಿಯನ್ನು ಮೇಲೆ ಕೆಳಗೆ ಮಾಡಿ ಗಿಟಾರನ್ನೇ ಹೊಂದಿಸಿ. ನಮಗೆ 446ರಲ್ಲಿ ಕೂಡಿತು. ಉಳಿದದ್ದಕ್ಕೆ ಕೇಪೋ ಇದೆ, ಅಂದರೆ ಗಿಟಾರಿನ ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್.

ಆಮೇಲೆ ಕ್ಲಿಕ್, ಅಂದರೆ ಲಯ ಹಿಡಿಯಲು ಹೆಡ್‌ಫೋನಿನಲ್ಲಿ ಒಂದೇ ಸಮನೆ ಬರುವ ಟಿಕ್ ಟಿಕ್ ಸದ್ದು. ನಾನು ಮಾವನ ಕಿವಿಗೆ ಹೆಡ್‌ಫೋನ್ ಹಾಕಿ ಕ್ಲಿಕ್ ಕೇಳಿಸಿದೆ. ಎರಡು ಸಾಲು ಹಾಡಿ ತೆಗೆದಿಟ್ಟರು. "ಆ ಟಿಕ್ ಟಿಕ್ ನಿಲ್ಸು ಮಗ, ಪದ ಉಸಿರಾಡಕ್ಕಾಗಲ್ಲ" ಅಂದರು. ನಿಜ. ಕಥೆ ಬಿಸಿಯಾದಂತೆ ಪದದ ನಡೆ ಏರುತ್ತದೆ, ದುಃಖದ ಜಾಗದಲ್ಲಿ ನಿಧಾನವಾಗುತ್ತದೆ. ಅದಕ್ಕೇ ತಂಬೂರಿ, ಗಗ್ಗರ, ದನಿ ಮೂರನ್ನೂ ಒಟ್ಟಿಗೆ, ಕ್ಲಿಕ್ ಇಲ್ಲದೆ ರೆಕಾರ್ಡ್ ಮಾಡಿ. ನೀವು ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಜೊತೆಗೆ ನುಡಿಸಿ. ಗಿಟಾರ್ ತಪ್ಪಿದರೆ ಆಮೇಲೆ ಮತ್ತೆ ನುಡಿಸಬಹುದು. ಒಳ್ಳೆ ಹಾಡು ಬಂದ ಗಳಿಗೆ ಮತ್ತೆ ಬರುವುದಿಲ್ಲ, ಅಲ್ವಾ?

ಕೋಣೆಯಲ್ಲಿ ಸದ್ದು ಮಾರ್ದನಿಸದಂತೆ ಹಾಸಿಗೆ, ಕಂಬಳಿ ಗೋಡೆಗೆ ಒರಗಿಸಿದರೆ ಸಾಕು. ರಾತ್ರಿ ಹನ್ನೊಂದರ ಮೇಲೆ ಕೂರಿ. ಕಬ್ಬಿನ ಟ್ರ್ಯಾಕ್ಟರ್ ಸದ್ದು ಕಮ್ಮಿ ಇರುತ್ತದೆ.

ತಮಟೆಗೆ ಮಾತ್ರ ಹಗಲು ಇಟ್ಟುಕೊಳ್ಳಿ. ಊರಿಂದ ಇಬ್ಬರು ಬಂದಿದ್ದರು. ಅಂಗಳದಲ್ಲಿ ಒಣಹುಲ್ಲು ಉರಿಸಿ ಚರ್ಮ ಕಾಯಿಸಿದರು. ಕಾಯಿಸಿದ ಕೂಡಲೇ ನಾದ ಖಣಖಣ ಅನ್ನುತ್ತದೆ. ಗಾಳಿಯ ತೇವಕ್ಕೆ ಮತ್ತೆ ಸಡಿಲವಾಗುತ್ತದೆ. ಮೈಕು, ಲೆವೆಲ್ ಎಲ್ಲ ಸರಿಮಾಡಿಕೊಂಡ ಮೇಲೇ ಬೆಂಕಿ ಹಚ್ಚಿ. ಪ್ರತಿ ಹಾಡಿಗೂ ಹೊಸದಾಗಿ ಕಾಯಿಸಿ. ಮೈಕು ನಾಲ್ಕಡಿ ದೂರ ಇರಲಿ. ಜೋರಾದ ಏಟೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡಿಬಿ (ಡೆಸಿಬೆಲ್) ದಾಟದಿರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸದ್ದು ಕಮ್ಮಿ ಆಯಿತೆಂದು ಹೆದರಬೇಕಿಲ್ಲ. ಬಂದವರಿಗೆ ಆವತ್ತೇ ದುಡ್ಡು ಕೊಡಿ, ಆಲ್ಬಂ ಮೇಲೆ ಹೆಸರೂ ಹಾಕಿ.

ಸಾಹಿತ್ಯದ ಜಾಗದಲ್ಲಿ ನಿಮ್ಮ ಹೆಸರು ಬರೆಯಬೇಡಿ. ಅದು ತಲೆತಲಾಂತರದಿಂದ ಬಂದ ಪದ. 'ಜನಪದ' ಅಂತ ಬರೆಯಿರಿ. ಸಂಗೀತ ಜೋಡಣೆ ನಿಮ್ಮದು, ಅದಕ್ಕೆ ಇಬ್ಬರ ಹೆಸರೂ ಇರಲಿ. ಪ್ರತಿ ಹಾಡಿಗೂ ಒಂದು ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ರೆಕಾರ್ಡಿಂಗನ್ನು ಗುರುತಿಸುವ ಸಂಖ್ಯೆ ಬೇಕು, ಮರೆಯಬೇಡಿ.

ಮಿಕ್ಸ್‌ನಲ್ಲಿ ಗಿಟಾರಿನ ಡಿಸ್ಟಾರ್ಷನ್ (ಒಡೆದಂತೆ ಕೇಳುವ ಗರಗರ ನಾದ) ಅರ್ಧಕ್ಕೆ ಇಳಿಸಿ. 2ರಿಂದ 4 ಕಿಲೋಹರ್ಟ್ಸ್ ನಡುವೆ ಗಿಟಾರಿನ ಸದ್ದನ್ನು ಸ್ವಲ್ಪ ಕತ್ತರಿಸಿ. ಮಾತಿನ ಅಕ್ಷರಗಳು ಬಿಡಿಬಿಡಿಯಾಗಿ ಕೇಳುವುದು ಅಲ್ಲೇ. ಕೊನೆಗೆ ಒಳ್ಳೆ ಸ್ಪೀಕರ್ ಬಿಟ್ಟು, ಸಾಧಾರಣ ಮೊಬೈಲಿನಲ್ಲಿ ಪದ ಬಲ್ಲವರಿಗೆ ಕೇಳಿಸಿ. ನಾನು ಅತ್ತೆಗೆ ಕೇಳಿಸಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿದರು. ಮೂರನೇ ಹಾಡಿಗೆ ಕೈ ನಿಲ್ಲಿಸಿ, "ಮಾವ ಏನು ಅಂತಾವ್ರೆ, ಗೊತ್ತಾಗ್ತಿಲ್ಲ" ಅಂದರು. ಆ ರಾತ್ರಿಯೇ ಗಿಟಾರನ್ನು ಇನ್ನೂ 2 ಡಿಬಿ ಇಳಿಸಿದೆ.