ಮನೆಯಲ್ಲೇ ಕಥೆ-ಹಾಡಿನ ಸಂಜೆ: ಮೈಕ್ ಒಂದು ಬೇಡ

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಹಾಲ್ ಎಷ್ಟು ದೊಡ್ಡದಿರುತ್ತದೆ ಹೇಳಿ? ಸೋಫಾ, ಟೀಪಾಯಿ ಬೆಡ್‌ರೂಮಿಗೆ ತಳ್ಳಿ ಜಮಖಾನ ಹಾಸಿದರೆ ಇಪ್ಪತ್ತು ಜನ ಕೂರಬಹುದು. ಅಷ್ಟು ಜನಕ್ಕೆ ಮೈಕ್ ಬೇಡ. ಮೈಕ್ ಸಿಕ್ಕರೆ ಕಥೆ ಹೇಳುವವರು ಭಾಷಣ ಶುರು ಮಾಡುತ್ತಾರೆ, ಬೇಕಾದರೆ ನೋಡಿ.

ಹಾಡುವವರನ್ನೂ ಹೇಳುವವರನ್ನೂ ಬರೀ ಗೋಡೆಗೆ ಬೆನ್ನು ಮಾಡಿ ಕೂರಿಸಿ. ದನಿ ಮುಂದಕ್ಕೆ ಬರುತ್ತದೆ. ಹಿಂದೆ ದಪ್ಪ ಪರದೆ ಇದ್ದರೆ ಅದೇ ನುಂಗಿಬಿಡುತ್ತದೆ. ಫ್ರಿಜ್ ಆಫ್ ಮಾಡಿ. ಫ್ಯಾನ್ ಮಾತ್ರ ಇಲ್ಲಿನ ಅಕ್ಟೋಬರ್ ಸೆಕೆಯಲ್ಲಿ ಆಫ್ ಮಾಡಲು ಆಗುವುದಿಲ್ಲ, ಒಂದರಲ್ಲಿಡಿ. ತಬಲಾ ಇದ್ದರೆ ಅರ್ಧ ಗಂಟೆ ಮೊದಲೇ ಚೀಲದಿಂದ ತೆಗೆದು ಅದೇ ಕೋಣೆಯಲ್ಲಿಡಿ. ಮಳೆಗಾಲದಲ್ಲಾದರೆ ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿ.

ಈಗ ಮುಖ್ಯ ವಿಷಯ. ಒಂದು ಕಥೆ, ಒಂದು ಹಾಡು, ಮತ್ತೆ ಒಂದು ಕಥೆ ಅಂತ ಜೋಡಿಸಬೇಡಿ. ಗಮಕದಲ್ಲಿ ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ. ಇಬ್ಬರದ್ದೂ ಒಂದೇ ಕಥೆ. ಹಾಗಿರಲಿ. ಕಥೆ ಗಂಟು ಬಿದ್ದ ಜಾಗದಲ್ಲೇ ಹಾಡು ಬರಲಿ.

ಇಲ್ಲಿನ ನಮ್ಮ ಕನ್ನಡದವರಲ್ಲಿ ಎಷ್ಟೋ ಮನೆಗಳಲ್ಲಿರುವ ಕಥೆಯನ್ನೇ ತಗೊಳ್ಳಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡುವ ಮುಂಚಿನ ಮಾತು. ಕುಂದಾಪುರದ ಕಡೆಯ ಹುಡುಗ ಹೋಟೆಲ್ ಕೆಲಸಕ್ಕೆಂದು ಬಸ್ಸಿನಲ್ಲಿ ಮುಂಬೈಗೆ ಬರುತ್ತಾನೆ. ಬೆಳಗಿನ ಜಾವ ಇಳಿದರೆ ಕರೆದೊಯ್ಯಬೇಕಿದ್ದ ಮಾವ ಕಾಣುತ್ತಿಲ್ಲ. ಕೈಯಲ್ಲಿ ತಗಡಿನ ಟ್ರಂಕು. ಇಲ್ಲಿ ನಿಲ್ಲಿಸಿ. ಮಾವ ಬಂದನೋ ಇಲ್ಲವೋ ಹೇಳಬೇಡಿ. ಒಂದು ದಾಸರ ಪದ, ಇಲ್ಲವೇ ಬರೀ ಕೊಳಲಿನಲ್ಲಿ ನಾಲ್ಕು ನಿಮಿಷ ಆಲಾಪ. ಆಮೇಲೆ "ಎಲ್ಲಿಗೆ ಬಂದಿದ್ವಿ?" ಅನ್ನದೆ ನೇರ ಆ ಟ್ರಂಕಿಗೇ ಬನ್ನಿ.

ಮಾತಿನ ಹಿಂದೆ ಹಾರ್ಮೋನಿಯಂ ನುಡಿಸುತ್ತಲೇ ಇರುವುದು ನನಗೆ ಸೇರುವುದಿಲ್ಲ, ಟೀವಿ ಧಾರಾವಾಹಿ ನೆನಪಾಗುತ್ತದೆ. ತಂಬೂರಿ ಸಾಕು. ಫೋನಿನ ಆ್ಯಪ್ ಆದರೂ ನಡೆಯುತ್ತದೆ, ಏರೋಪ್ಲೇನ್ ಮೋಡ್ ಹಾಕಿ ಅಷ್ಟೇ. ಹಾಡುವವರ ಶ್ರುತಿ ಕರಿ ಒಂದು (ಹಾರ್ಮೋನಿಯಂನ ಮೊದಲ ಕರಿ ಮನೆ) ಅಂತಿದ್ದರೆ ಕಥೆ ಹೇಳುವವರೂ ಅದನ್ನು ಕೇಳಿಸಿಕೊಂಡೇ ಬಾಯಿ ತೆಗೆಯಲಿ. ದನಿ ತಾನಾಗಿ ಹದಕ್ಕೆ ಬರುತ್ತದೆ.

ತಿಂಡಿ ಮೊದಲೇ ಕೊಟ್ಟುಬಿಡಿ. ಮಧ್ಯೆ ಚುರುಮುರಿ ಹಂಚಿದರೆ ಕಾಗದದ ಸದ್ದೇ ಜಾಸ್ತಿ. ಭಾನುವಾರ ಹಳಿ ರಿಪೇರಿಗೆ ಲೋಕಲ್ ರೈಲು ತಡೆಯುವ ಮೆಗಾಬ್ಲಾಕ್ ಇರುತ್ತದಲ್ವಾ, ಅದು ಮುಗಿದು ಲೋಕಲ್ ಸರಿಹೋದ ಮೇಲೆ ಆರೂವರೆಗೆ ಶುರು ಮಾಡಿ, ಎಂಟೂವರೆಗೆ ಮುಗಿಸಿ. ಠಾಣೆ, ಮುಲುಂಡ್ ಕಡೆಯವರು ಊಟದ ಹೊತ್ತಿಗೆ ಮನೆ ಸೇರಬೇಕು. ಪಕ್ಕದ ಮನೆಯ ಮರಾಠಿ ಕಾಕುವನ್ನೂ (ಆಂಟಿಯನ್ನೂ) ಕರೆಯಿರಿ. ಕಥೆ ಅರ್ಥವಾಗದಿದ್ದರೂ ಹಾಡಿಗೆ ಬರುತ್ತಾರೆ, ಆ ಹೊತ್ತಿಗೆ ಒಂದು ಕುಕ್ಕರ್ ವಿಷಲ್ಲೂ ಕಡಿಮೆಯಾಗುತ್ತದೆ.